ಮೂರು ಸಲ

ಹೊನ್ನರಸ ನಾಯಕರನ್ನು ಅಘನಾಶಿನಿ ದಾಟಿಸಿದ್ದು ಮೂರು ಸಲ.
ಮೊದಲ ಸಲ, ಹಿರಿಯ ದೊರೆಗೆ ವೀಳ್ಯ ಒಯ್ಯುವಾಗ
ದೋಣಿಯಲ್ಲಿ ನಿಂತೇ ಇದ್ದರು,
ಹುಟ್ಟು ತಪ್ಪಿದರೂ ಅಲುಗಲಿಲ್ಲ.

ಎರಡನೆಯದು ನಡುರಾತ್ರಿ, ಕಿರಿಯವನ ಬಿಡಾರಕ್ಕೆ.
ಕೂತರು. ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟು
'ಇಳಿತವೋ, ಭರತವೋ?' ಅಂದರು.
'ಎರಡೂ ಅಲ್ಲ ಒಡೆಯಾ, ನೀರು ನಿಂತಿದೆ.'
ನಕ್ಕರು.

ಮಿರ್ಜಾನಿನ ಕೋಟೆಯ ಮೇಲೆ ಬಾವುಟ ಬದಲಾಯಿತು,
ಮತ್ತೆ ಬದಲಾಯಿತು.
ಸುಂಕ ಮಾತ್ರ ಅದೇ: ಹತ್ತಕ್ಕೊಂದು ಬುಟ್ಟಿ ಬೆಳಚು.

ಮೂರನೆಯ ಸಲ ಮಲಗಿದ್ದರು, ಚಾಪೆ ಸುತ್ತಿ.
ಯಾರ ಕಡೆಯವರಾಗಿ ಸತ್ತಿರೆಂದು ಕೇಳೋಣವೆಂದರೆ
ಮೈಮೇಲೆ ತಲೆ ಇರಲಿಲ್ಲ.
ಕೂಲಿ ಯಾರೂ ಕೊಡಲಿಲ್ಲ.

ದೋಣಿ ತೊಳೆಯಲು ಕೂತೆ.
ಭರತ ಏರುತ್ತಿತ್ತು;
ಹೊಳೆ, ಬಂದ ದಾರಿ ಮರೆತಂತೆ,
ಘಟ್ಟದ ಕಡೆಗೆ ಹರಿಯುತ್ತಿತ್ತು.