ಸನ್ನೆಕೋಲು

ತತ್ತ್ವಶಾಸ್ತ್ರಕ್ಕೆ ಈ ವರ್ಷ ನಾಲ್ಕೇ ಜನ.
ಐದನೆಯದು ಕಿಟಕಿಯ ಬೆಕ್ಕು.
ದುರ್ಗಿಗುಡಿ ಕಡೆಯಿಂದ ಬೋಂಡದ ಎಣ್ಣೆ ವಾಸನೆ ಬಂತೆಂದರೆ
ಗಂಟೆ ಐದೂವರೆ, ಪಾಠ ಶುರು.

ಆಧುನಿಕ ನೀತಿಶಾಸ್ತ್ರ, ಪ್ರವೇಶ.
ಬೋರ್ಡಿನ ಮೇಲೆ ಹಳಿ ಎಳೆದೆ, ನಡುವೆ ಕವಲೊಡೆಸಿದೆ.
ಒಂದು ಕವಲಿಗೆ ಐದು ಗೀಟು, ಇನ್ನೊಂದಕ್ಕೆ ಒಂದು.
ಗೀಟೆಂದರೆ ಮನುಷ್ಯ.
ಬ್ರೇಕು ತಪ್ಪಿದ ಬಂಡಿ ಐವರ ಕಡೆ ಬರುತ್ತಿದೆ,
ನಿಮ್ಮ ಕೈಯಲ್ಲಿ ಸನ್ನೆಕೋಲು.
ಎಳೆಯುತ್ತೀರೋ, ಬಿಡುತ್ತೀರೋ?
ನೀವು ಸ್ವತಂತ್ರರು, ಎಂದೆ
ಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಜಬೀವುಲ್ಲಾ ಕೂಡಿಸಿ ಕಳೆದು, ಎಳೀತೀನಿ ಅಂದ.
ತೀರ್ಥೇಶ ಕೈಕಟ್ಟಿದ: ಮುಟ್ಟಿದ್ರೆ ತಾನೆ ಕೊಲೆ?
ಆ ಒಬ್ಬ ಯಾರು ಸಾರ್, ಗುರುತಿನವನಾ? ಅಂದಳು ಶರ್ಲಿ.
ಮೂರೂ ಉತ್ತರ ಪುಸ್ತಕದಲ್ಲಿದ್ದವು.
ನನಗೆ ಖುಷಿ.

ಕುಸುಮಾ ಮಾತ್ರ ಚಿತ್ರವನ್ನೇ ನೋಡುತ್ತಿದ್ದಳು
ಬೇರೆಯವರ ಮನೆಯಲ್ಲಿ
ತಮ್ಮ ಮನೆಯ ಪಾತ್ರೆ ಕಂಡವಳ ಹಾಗೆ.
ಅದಕ್ಕೆ ಬೀಗ ಇರ್ತದೆ ಸಾರ್.
ನಮ್ಮಪ್ಪ ಇಪ್ಪತ್ತೆರಡು ವರ್ಷ ಕುಂಸಿ ಹತ್ರ ಗೇಟಲ್ಲಿದ್ರು.
ಫೋನಲ್ಲಿ ಒಂದು ನಂಬರ್ ಹೇಳ್ತಾರೆ, ಬರ್ಕೊಳ್ಳೋದು.
ಹಾಕು ಅಂದಾಗ ಹಾಕೋದು, ತೆಗಿ ಅಂದಾಗ ತೆಗಿಯೋದು.

ಇದು ಬರೀ ಕಲ್ಪನೆಯಮ್ಮ,
ಬೀಗ ಇಲ್ಲ ಅಂತ ಇಟ್ಕೋ, ಅಂದೆ.
ಹಾಗಿಟ್ಕೊಂಡ್ರೆ
ಅಪ್ಪನೂ ಇಲ್ಲ ಅಂತ ಇಟ್ಕೊಂಡ ಹಾಗೆ ಸಾರ್.

ಬೆಕ್ಕು ಇಳಿದು ಹೋಯಿತು.
ಅವಳು ಹೇಳಿದಳು, ಯಾರ ಮುಖವನ್ನೂ ನೋಡದೆ:
ಒಂದು ರಾತ್ರಿ ಗೇಟು ಹಾಕಿದೆ. ಆಟೋದಲ್ಲಿ ಬಸುರಿ.
ರೈಲಿಗೆ ಇನ್ನೂ ಹನ್ನೆರಡು ನಿಮಿಷ.
ತೆಗೆಯುವ ಹಾಗಿಲ್ಲ; ಅಪ್ಪ ತೆಗೆಯಲಿಲ್ಲ.
ಲಾಟೀನು ನೆಲಕ್ಕಿಟ್ಟು, ಗೇಟಿನಡಿ ನುಸುಳಿ,
ಜಮಖಾನದ ಒಂದು ತುದಿ ಹಿಡಿದು
ಹಳಿ ದಾಟಿಸಿದ, ಹಾಲಿನ ವ್ಯಾನಿನವರೆಗೆ.
ಯಾರೋ ಅರ್ಜಿ ಹಾಕಿದರು:
ಗೇಟ್‌ಮನ್ ಗುತ್ಯಪ್ಪ ನಾಲ್ಕು ನಿಮಿಷ ಜಾಗದಲ್ಲಿರಲಿಲ್ಲ.
ನೋಟೀಸಿನಲ್ಲಿ ಒಂದು ಕಾಲಂ, 'ಕಾರಣ'.
ಯೂನಿಯನ್ನಿನವರು ಹೇಳಿಕೊಟ್ಟದ್ದು ಹೊಟ್ಟೆನೋವು.
ಅಪ್ಪ ಬರೆದದ್ದು: ನಾನೇ.

ಒಂದು ಇನ್‌ಕ್ರಿಮೆಂಟು ಹೋಯಿತು.
ಆ ಹೆಂಗಸು?
ಗೊತ್ತಿಲ್ಲ ಸಾರ್. ಅಪ್ಪನೂ ಕೇಳಲಿಲ್ಲ.

ಅದೇ ಬೆಳಿಗ್ಗೆ ಆಫೀಸಿನಲ್ಲಿ ನಾನೂ ಒಂದು ಕಾಗದಕ್ಕೆ ಸಹಿ ಹಾಕಿದ್ದೆ:
'ಖಾಯಂ ಮಾಡಿರೆಂದು ಕೇಳುವುದಿಲ್ಲವೆಂದು
ಸ್ವ-ಇಚ್ಛೆಯಿಂದ ಒಪ್ಪಿರುತ್ತೇನೆ.'
ಅತಿಥಿ ಉಪನ್ಯಾಸಕನ ಹನ್ನೊಂದನೆಯ ಸ್ವ-ಇಚ್ಛೆ,
ಐದು ತಿಂಗಳ ಸಂಬಳ ಬಾಕಿ.
ಪೆನ್ನನ್ನು ಕೂಡ ಗುಮಾಸ್ತನೇ ಕೊಟ್ಟಿದ್ದ.

ಮುಂದಿನ ವಾರ ಸ್ವಾತಂತ್ರ್ಯದ ಪಾಠ, ಎಂದೆ.
ಯಾರೂ ನಗಲಿಲ್ಲ.

ಮನೆಗೆ ಹೋಗುವಾಗ ಊರಂಚಿನ ಗೇಟು ಬಿದ್ದಿತ್ತು.
ಸ್ಕೂಟರುಗಳು ವಾಲಿ ವಾಲಿ ನುಸುಳುತ್ತಿದ್ದವು.
ಗೂಡಿನ ಕಿಟಕಿಯಲ್ಲಿ, ಬಲ್ಬಿನ ಕೆಳಗೆ,
ಹಿಡಿಯ ಮೇಲೊಂದು ಕೈ.
ಇಷ್ಟು ವರ್ಷ ನಾನು ಕಂಡದ್ದು ಹಿಡಿಯನ್ನು.

ಗಾಡಿ ಆಫ್ ಮಾಡಿದೆ.
ಹಿಂದಿನವನು ಹಾರ್ನ್ ಹೊಡೆದು ಕೇಳಿದ:
ಯಾಕ್ರೀ ನಿಂತ್ರಿ, ಜಾಗ ಇದೆಯಲ್ಲ?

ಗೇಟು ಹಾಕಿದೆ, ಎನ್ನಬಹುದಿತ್ತು.