ಬ್ಯೂರೆಟ್ ಇಲ್ಲದ ಸೆಮಿಸ್ಟರ್

ರಿಟಾರ್ಟ್ ಸ್ಟ್ಯಾಂಡಿಗೆ ಫೋನು ಬಿಗಿದಿದ್ದೇನೆ
ಬರ್ನರಿನ ಹಳೇ ರಬ್ಬರ್ ನಳಿಕೆಯಿಂದ.
ಅರಸೀಕೆರೆಯ ಈ ಲ್ಯಾಬಿನಲ್ಲಿ ಈಗ ನಾನು, ಮರುಳಯ್ಯ,
ಕವುಚಿಟ್ಟ ನಲವತ್ತು ಶಂಕುಪಾತ್ರೆ.
ಹಿಂದೆ ಗೂಡ್ಸ್ ಗಾಡಿ ಹಾದರೆ
ಎಲ್ಲವೂ ಒಟ್ಟಿಗೆ ಕಿಣಿಕಿಣಿ,
ಹಾಜರಿ ಹೇಳಿದ ಹಾಗೆ.

"ಕೇಳಿಸ್ತಿದೆಯಾ?" ಅಂದೆ.
ಜಾವಗಲ್ಲಿನ ಒಂದು ಹುಂಜ ಮಾತ್ರ ಹೌದೆಂದಿತು.

ಮೊದಲ ವಾರ ತೆರೆಯ ಮೇಲಿನ ಲ್ಯಾಬು ಕೊಟ್ಟಿದ್ದೆ.
ಬೆರಳು ತಾಕಿಸಿದರೆ ಹನಿ, ಎತ್ತಿದರೆ ನಿಲ್ಲುತ್ತದೆ.
ಗಾಜು ಒಡೆಯದು,
ಆಸಿಡ್ಡು ಚೂಡಿದಾರಕ್ಕೆ ತೂತು ಕೊರೆಯದು,
ಪಿಪೆಟ್ಟು ಬಾಯಿಗೆಳೆದು ಯಾರೂ ಉಗುಳಲು ಓಡುವುದಿಲ್ಲ.
ನಲವತ್ತೊಂದು ಮಕ್ಕಳು, ನಲವತ್ತೊಂದು ಸಲ
ಹತ್ತು ಪಾಯಿಂಟ್ ಎರಡು.
ಇಷ್ಟೊಂದು ಸರಿಯುತ್ತರ ನೋಡಿ
ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎದ್ದು ಕೋರ್ಸನ್ನು ಪೂರ್ತಿ ಬಿಚ್ಚಿದೆ,
ಅಳತೆ ತಪ್ಪಿದ ರವಿಕೆ ಬಿಚ್ಚುವ ಹಾಗೆ.
ಸಿಲಬಸ್ಸಿನ ಪಕ್ಕದಲ್ಲಿ ದಿನಸಿ ಚೀಟಿ ಬೆಳೆಯಿತು:
ಬ್ಯೂರೆಟ್ಟಿಗೆ ಮೆಡಿಕಲ್ ಸ್ಟೋರಿನ ಸಿರಿಂಜು, ಐದು ಎಂಎಲ್, ಸೂಜಿ ತೆಗೆದದ್ದು.
ಆಮ್ಲಕ್ಕೆ ನಿಂಬೆರಸ ಒಂದು ಪಾಲು, ನೀರು ಒಂಬತ್ತು.
ಕ್ಷಾರಕ್ಕೆ ಎಲೆಯಡಿಕೆ ತಟ್ಟೆಯ ಸುಣ್ಣ, ರಾತ್ರಿಯಿಡೀ ನೀರಲ್ಲಿಟ್ಟು ಮೇಲಿನ ತಿಳಿ.
ಒಂದು ಚಿಟಿಕೆ ಅರಿಶಿನ.
ಬಿಳಿ ಟೈಲು ಇಲ್ಲದವರಿಗೆ ರೆಕಾರ್ಡ್ ಪುಸ್ತಕದ ಖಾಲಿ ಹಾಳೆ.
ಕೆಳಗೆ ಕೆಂಪು ಶಾಯಿಯಲ್ಲಿ: ಕನ್ನಡಕ, ಅಪ್ಪನದ್ದಾದರೂ ಸರಿ.
ಸುಣ್ಣ ಕಣ್ಣಿಗೆ ಸಿಡಿದರೆ ನಾನು ಅಲ್ಲಿರುವುದಿಲ್ಲ.

ಆ ಕೊನೆಯ ಸಾಲನ್ನು ಮೂರು ಸಲ ಅಳಿಸಿದೆ,
ಮೂರು ಸಲ ಬರೆದೆ.

ಬುಧವಾರ ಹತ್ತೂವರೆಗೆ
ಸ್ಟೀಲು, ಗಾಜು, ಪ್ಲಾಸ್ಟಿಕ್ಕು, ಎಲ್ಲ ಲೋಟಗಳಲ್ಲೂ
ಆರತಿ ತಟ್ಟೆಯ ಓಕುಳಿ.
ಬಾಣಾವರದ ಶಾಜಿಯಾಳದು ಕುಂಕುಮ,
ಕಣಕಟ್ಟೆಯ ಓಂಕಾರಿಯದು ಇಟ್ಟಿಗೆ,
ಸಿಗ್ನಲ್ಲಿಗಾಗಿ ಕೊಬ್ಬರಿ ಅಟ್ಟ ಹತ್ತಿ ಕೂತ
ಗಂಡಸಿಯ ತೀರ್ಥಲಿಂಗನದು ಬರೀ ಚೌಕ ಚೌಕ.

"ಮೇಡಂ, ನಿಲ್ಲಿಸ್ಲಾ?"

ಹನ್ನೊಂದು ವರ್ಷ ಇವರ ಹೆಗಲ ಹಿಂದೆ ನಿಂತು
ಸರಿಯಾದ ಹನಿಗೆ "ನಿಲ್ಸು" ಅಂದವಳು ನಾನು.
ಅದನ್ನೇ ಪಾಠ ಅಂದುಕೊಂಡಿದ್ದೆ.
"ನಂಗೆ ಕಾಣ್ತಿಲ್ಲ ಕಣೋ. ನಿಂಗೇನು ಕಾಣ್ತಿದೆ ಹೇಳು."

ಅವನು ಸುಮ್ಮನಾದ. ನೆಟ್‌ವರ್ಕ್ ಹೋಯಿತೆಂದುಕೊಂಡೆ.
ಆಮೇಲೆ, ಮೆಲ್ಲಗೆ:
"ಹಳದಿ ಬರ್ತಿದೆ ಮೇಡಂ, ಅಲ್ಲಾಡಿಸಿದ್ರೆ ಹೋಗ್ತಿದೆ.
ಸಾಲ ಕೇಳೋಕೆ ಬಂದೋರು
ಬಾಗಿಲ ತನಕ ಬಂದು ವಾಪಸ್ ಹೋದಂಗೆ."
"ಹಾಗಾದ್ರೆ ಇನ್ನೊಂದು ಹನಿ" ಅಂದೆ.
ಅರ್ಧ ಹನಿ ಅನ್ನಬೇಕಿತ್ತು.

ನಾಲ್ಕೂ ನಾಲ್ಕು. ನಾಲ್ಕೂ ಆರು. ಮೂರೂ ಒಂಬತ್ತು.
ಓಂಕಾರಿಯದು ಏಳೂ ಒಂದು.
ರಾತ್ರಿ ಮೆಸೇಜು: ಎಲ್ಲರದೂ ನಾಲ್ಕರ ಹತ್ತಿರ ಮೇಡಂ, ತಿದ್ದಲಾ?
ತಿದ್ದಬೇಡ. ಯಾಕೆ ಅಂತ ಬರಿ.

ಬೆಳಿಗ್ಗೆ ಅರ್ಧ ಪುಟ, ಓರೆ ಬಿದ್ದ ಫೋಟೋ:
"ಅಜ್ಜಿ ಎಲೆಗೆ ಸುಣ್ಣ ಬೇಕೆಂದು ರಾತ್ರಿ ಪಾತ್ರೆಗೆ ಬೆರಳಿಟ್ಟಿದ್ದಾರೆ.
ತಿಳಿ ಕದಡಿದೆ. ನಾನು ಕದಡಿದ್ದನ್ನೇ ಅಳೆದಿದ್ದೇನೆ.
ಕರಗದ ಸುಣ್ಣವೂ ನಿಂಬೆ ಕುಡಿದಿದೆ."

ನಿಖರತೆ: ಐದಕ್ಕೆ ಒಂದು.
ಉಳಿದದ್ದಕ್ಕೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಲಮ್ಮಿಲ್ಲ.
ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡೆ.

"ಇವತ್ತೂ ತೊಳೆಯೋಕೆ ಏನೂ ಇಲ್ವಾ ಮೇಡಂ?"
ಮರುಳಯ್ಯ ಬಾಗಿಲಲ್ಲಿ, ಕೈಯಲ್ಲಿ ಬ್ರಷ್ಷು.
ನಾನು ಮಾಡಿ ತೋರಿಸಿದ ಲೋಟ ಒಂದಿತ್ತು,
ತಳದಲ್ಲಿ ಅರಿಶಿನದ ಕರೆ.
ಅದೊಂದನ್ನೇ ಅವರು
ಬಹಳ ಹೊತ್ತು ತೊಳೆದರು.