ಗುಂಡುಗಳ ತೂಕ

ಎರಡೂ ಕಿವಿ ಭದ್ರಾವತಿಯಲ್ಲೇ ಬಿಟ್ಟು ಬಂದವನು ನಾನು,
ರೋಲಿಂಗ್ ಮಿಲ್ಲಿನ ಮೂರನೇ ಸ್ಟ್ಯಾಂಡಿನ ಪಕ್ಕ, ಇಪ್ಪತ್ತಾರು ವರ್ಷ.
ಅದಕ್ಕೇ ಈ ಕೆಲಸ ಸಿಕ್ಕಿದ್ದು.
ಶಿವಮೊಗ್ಗದ ಈ ಕಾಲೇಜಿನ ನೆಲಮಾಳಿಗೆಯಲ್ಲಿ
ರಾತ್ರಿಯಿಡೀ ಗುದ್ದುವ ಒಂದು ಯಂತ್ರ.
ಮೊದಲಿದ್ದ ಇಬ್ಬರು ತಲೆನೋವೆಂದು ಬಿಟ್ಟು ಹೋದರಂತೆ.
"ನಿಮಗೆ ತೊಂದರೆಯಿಲ್ಲವಲ್ಲ, ಸೆಲ್ವರಾಜಣ್ಣ?"
ಚೀಟಿಯಲ್ಲಿ ಬರೆದು ತೋರಿಸಿದಳು
ಫಿಲೋಮಿನಾ ಮೇಡಂ, ಪಿಎಚ್‌ಡಿಯ ನಾಲ್ಕನೇ ವರ್ಷ.

ಚೊಂಬಿನಷ್ಟು ಉಕ್ಕಿನ ಡಬ್ಬಿ. ಒಳಗೆ ಇಪ್ಪತ್ತು ಉಕ್ಕಿನ ಗುಂಡು,
ಗೋಲಿಯಾಡುವ ಹುಡುಗರು ಕಂಡರೆ ಬಿಡುವವರಲ್ಲ.
ಜೊತೆಗೆ ತೂಗಿ ಹಾಕಿದ ಪುಡಿ: ಜಿರ್ಕೋನಿಯಂ, ತಾಮ್ರ,
ನಿಕ್ಕಲ್, ಒಂದಿಷ್ಟು ಅಲ್ಯೂಮಿನಿಯಂ.
ಗಾಳಿ ತೆಗೆದು ಆರ್ಗಾನ್ ತುಂಬಿ ಮುಚ್ಚಳ ಬಿಗಿದರೆ
ಹದಿನೈದು ನಿಮಿಷ ಹೊಡೆತ, ಹದಿನೈದು ನಿಮಿಷ ವಿಶ್ರಾಂತಿ.
ಇಂಥ ಕರಾರು ಕೇಳಿ ಕೇಳಿ ನಮ್ಮ ಯೂನಿಯನ್ನೇ ಸೋತಿತ್ತು.

ಬೆಂಕಿ ಎಲ್ಲಿ, ಕೇಳಿದೆ ಮೊದಲ ದಿನ.
ಕುಲುಮೆಯಿಲ್ಲದೆ ಲೋಹದ ಬುದ್ಧಿ ತಿದ್ದಿದವರುಂಟೇ?
ಅವಳು ಕಾಗದದ ಮೇಲೆ ಚುಕ್ಕಿ ಇಟ್ಟಳು
ಸಾಲು ಸಾಲು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಇದು ಲೋಹ.
ಪಕ್ಕದಲ್ಲಿ ಕಣ್ಣು ಮುಚ್ಚಿ ಪೆನ್ನು ಕುಟ್ಟಿದಳು,
ಬಿದ್ದಲ್ಲಿ ಬಿದ್ದವು. ಇದು ಗಾಜು.
ಲೋಹವೇ, ಆದರೆ ಗಾಜು.
ಕರಗಿಸದೆ, ಬರೀ ಏಟಿನಿಂದ
ಸಾಲು ಮರೆಸುವುದು.

ಕೇಳದವನಿಗೆ ಹಿಮ್ಮಡಿಯೇ ಕಿವಿ.
ಮೇಜಿನ ಕಾಲಿಗೆ ತಾಗಿಸಿ ಮಲಗುತ್ತೇನೆ,
ಮೂಳೆಯೊಳಗೆ ಏರಿ ಬರುತ್ತದೆ ಗುಂಡುಗಳ ನಡೆ:
ಮೊದಲು ಒರಟು, ಹತ್ತನೇ ತಾಸಿಗೆ ಅಂಟಂಟು,
ಮೂವತ್ತಕ್ಕೆ ಮೆತ್ತಗೆ, ಹಿಟ್ಟು ಹದಕ್ಕೆ ಬಂದದ್ದನ್ನು
ಒರಳು ತಾನೇ ಹೇಳುತ್ತದಲ್ಲ, ಹಾಗೆ.
ಒಂದು ರಾತ್ರಿ ಹಿಮ್ಮಡಿಗೆ ಏನೂ ಬರಲಿಲ್ಲ.
ಧಡಕ್ಕನೆ ಎದ್ದೆ. ಊರೆಲ್ಲ ಕತ್ತಲು, ತುಂಗೆಯಾಚೆಗೂ.
ಪುಸ್ತಕದಲ್ಲಿ ಬರೆದೆ:
೨-೫೦ ಕರೆಂಟು ಹೋಯ್ತು. ೩-೩೫ ಬಂತು.
ನಲವತ್ತೈದು ನಿಮಿಷ ಲೆಕ್ಕದಿಂದ ಕಳೆಯತಕ್ಕದ್ದು. ಸಹಿ.

ಒಮ್ಮೆ ಅವಸರದಲ್ಲಿ ಅವಳು ಹೊರಗೇ ಮುಚ್ಚಳ ತೆಗೆದಳು.
ಚಮಚದ ತುದಿಯಲ್ಲಿ ಪುಡಿ
ಕೆಂಪಗೆ, ಆಮೇಲೆ ಬೆಳ್ಳಗೆ ಹೊತ್ತಿಕೊಂಡಿತು.
ಅವಳು ಗೋಡೆಗೆ ಒರಗಿದಳು. ನಾನು
ಹಳೇ ನೆಂಟನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವನಂತೆ
ಓಹೋ ಬಂದೆಯಾ ಅಂದೆ,
ಮರಳು ಸುರಿದೆ. ನೀರಲ್ಲ. ಅಷ್ಟು ಗೊತ್ತು ನನಗೆ.

ನಲವತ್ತು ತಾಸಿನ ಪುಡಿಯ ಎಕ್ಸ್‌ರೇ ಹಾಳೆ ಬಂತು.
ಹಿಂದಿನದರಲ್ಲಿ ಚೂಪು ಚೂಪು ಗುಡ್ಡದ ಸಾಲು,
ಹುಲಿಕಲ್ಲಿನ ಕಡೆ ಬಸ್ಸಿನ ಕಿಟಕಿಯಿಂದ ಕಾಣುವಂಥದ್ದು;
ಇದರಲ್ಲಿ ಒಂದೇ ಬೋಳು ದಿಬ್ಬ.
ಅವಳು ಕುಣಿದಳು.
ಒಂದು ತುದಿಯೂ ಉಳಿಯಲಿಲ್ಲವೆಂದು ಕುಣಿಯುವವರನ್ನು
ನಾನು ಮೊದಲು ಕಂಡಿರಲಿಲ್ಲ.
ಇನ್ನೂ ಇಪ್ಪತ್ತು ತಾಸು ಹೊಡೆಸಿದರೆ?
ಬೇಡ, ಅತಿಯಾದರೆ ಮತ್ತೆ ಸಾಲಿಗೆ ನಿಂತುಬಿಡುತ್ತವೆ, ಬರೆದಳು.
ಇದು ನನಗೆ ಅರ್ಥವಾಯಿತು. ಹೇಗೆಂದು ಕೇಳಬೇಡಿ.

ಗುಂಡು ತೊಳೆದು, ಒರೆಸಿ, ತೂಗುವುದು ನನ್ನ ಪಾಲು.
ಪ್ರತಿ ಸಲ ತುಸು ಕಡಿಮೆ. ಈ ಸಲ ಐವತ್ತು ಮಿಲಿಗ್ರಾಂ.
ಹೋದದ್ದೆಲ್ಲಿಗೆ? ಪುಡಿಯೊಳಕ್ಕೇ.
ಅವಳ ಪ್ರಬಂಧದಲ್ಲಿ ಅದಕ್ಕೆ ಒಂದು ಸಾಲು:
ಕಬ್ಬಿಣ, ಸೊನ್ನೆ ದಶಾಂಶ ಎಂಟು, ಕಲ್ಮಶ.
ಅಲ್ಲಿ ಬೆರಳಿಟ್ಟು, ಇದು ತಪ್ಪೇ ಎಂದೆ.
ತುಂಬ ಹೊತ್ತು ಪೆನ್ನು ಕಚ್ಚಿ
ಬರೆದಳು: ತಪ್ಪಲ್ಲ, ತಪ್ಪಿಸಲಾಗದ್ದು.

ಚೀಟಿ ಜೇಬಿಗೆ ಹಾಕಿ ಗುಂಡು ಎಣಿಸತೊಡಗಿದೆ.
ಹದಿನೆಂಟು, ಹತ್ತೊಂಬತ್ತು.
ಇನ್ನೊಂದು ಮೇಜಿನಿಂದ ಉರುಳಿ ಬಿದ್ದಿರಬೇಕು;
ಅವಳು ತಿರುಗಿ ನೋಡಿದ್ದರಿಂದ ಗೊತ್ತಾಯಿತು.